ಬ್ಲೇಡಿಗೆ ಸಿಗದ ಬಟ್ಟೆಚೀಲ: ಹೊಲಿದು, ಹೊತ್ತು ಕಲಿತದ್ದು

ಪ್ರಯಾಣದ ಕೈಚೀಲ ಕಳ್ಳರ ಪಾಲಾಗುವುದು ನಾಲ್ಕು ದಾರಿಯಲ್ಲಿ. ಜಿಪ್ ಮೆಲ್ಲಗೆ ಸರಿಸಿ ಒಳಗೆ ಕೈ ಹಾಕುವುದು ಒಂದು. ತಳಕ್ಕೋ ಪಕ್ಕಕ್ಕೋ ಬ್ಲೇಡ್ ಹಾಕಿ ಒಳಗಿನದನ್ನು ಜಾರಿಸಿಕೊಳ್ಳುವುದು ಇನ್ನೊಂದು. ಹೆಗಲಪಟ್ಟಿ ಕತ್ತರಿಸಿ ಅಥವಾ ಜಗ್ಗಿ ಕಿತ್ತುಕೊಂಡು ಹೋಗುವುದು ಮೂರನೆಯದು. ಕೆಳಗಿಟ್ಟು ಕಣ್ಣು ಆಚೆ ಹೊರಳಿದಾಗ ಚೀಲವನ್ನೇ ಎತ್ತಿಕೊಳ್ಳುವುದು ಕೊನೆಯದು. 1998ರಲ್ಲಿ ಶುರುವಾದ ಪ್ಯಾಕ್‌ಸೇಫ್ ಎಂಬ ಕಂಪನಿ ಬಟ್ಟೆಯೊಳಗೆ ಸ್ಟೀಲ್ ತಂತಿಯ ಬಲೆ ಸೇರಿಸಿದ ಚೀಲಗಳಿಂದ ಜಗತ್ತಿನಾದ್ಯಂತ ಹೆಸರು ಮಾಡಿತು. ಅಂದಿನಿಂದ ಕಳ್ಳರಿಗೆ ಸಿಗದ ಚೀಲವೆಂದರೆ ತಂತಿಯ ಚೀಲ ಎಂಬ ಭಾವನೆ ಬೆಳೆದಿದೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಇಂಥ ಚೀಲ ಹೊಲಿದು ಬಳಸಿದ ಅನುಭವ ಬೇರೆಯದನ್ನೇ ಹೇಳುತ್ತದೆ. ಚೀಲದ ಬಾಯಿ ಯಾವ ಕಡೆಗೆ, ಕಿಸೆ ಯಾವ ಮೈಗೆ, ಯಾವ ಕಿಸೆಯನ್ನು ದಿನಕ್ಕೆ ಎಷ್ಟು ಸಲ ತೆರೆಯಬೇಕಾಗುತ್ತದೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡರೆ ಮುಕ್ಕಾಲು ಕೆಲಸ ಆದಂತೆ. ತಂತಿಯ ಸರದಿ ಬರುವುದು ಅದಾದ ಮೇಲೆ.

ಈ ತಾಲ್ಲೂಕಿನಲ್ಲಿ ಚೀಲದ ಪರೀಕ್ಷೆ ನಡೆಯುವುದು ದೇವಲ ಗಾಣಗಾಪುರದ ಯಾತ್ರೆಯಲ್ಲಿ. ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಯ ದರ್ಶನಕ್ಕೆ ಗುರುವಾರ, ಹುಣ್ಣಿಮೆ, ದತ್ತ ಜಯಂತಿ, ಗುರುಪೂರ್ಣಿಮೆಗಳಲ್ಲಿ ಕರ್ನಾಟಕದವರಷ್ಟೇ ಮಹಾರಾಷ್ಟ್ರದವರೂ ಬರುತ್ತಾರೆ. ಸೊಲ್ಲಾಪುರ–ವಾಡಿ ಮಾರ್ಗದ ಗಾಣಗಾಪುರ ರೋಡ್ ರೈಲು ನಿಲ್ದಾಣದಿಂದ ಗುಡಿ ಸುಮಾರು 20 ಕಿ.ಮೀ. ದೂರ. ಹೀಗಾಗಿ ಒಂದೇ ದಿನದಲ್ಲಿ ಚೀಲ ರೈಲಿನ ಬಾಗಿಲು, ಟಂಟಂ ಅಥವಾ ಬಸ್ಸು, ದರ್ಶನದ ಸಾಲು, ಭೀಮಾ–ಅಮರ್ಜಾ ಸಂಗಮದ ದಂಡೆ ಎಲ್ಲವನ್ನೂ ಹಾಯಬೇಕು. ಘತ್ತರಗಿಯ ಭಾಗ್ಯವಂತಿ, ಕಲಬುರಗಿಯ ಶರಣಬಸವೇಶ್ವರ ತೇರು, ಆಷಾಢದ ಪಂಢರಪುರ ಯಾವುದೇ ಇರಲಿ, ನೂಕುನುಗ್ಗಲಿನ ರೀತಿ ಒಂದೇ. ಜನ ಹಿಂದಿನಿಂದ ಮತ್ತು ಬಗಲಿನಿಂದ ಒತ್ತುತ್ತಾರೆ, ಎದೆಯ ಮುಂದೆ ಮಾತ್ರ ಒಂದಿಷ್ಟು ಜಾಗ ಉಳಿಯುತ್ತದೆ. ಚೀಲದ ಜಾಗವೂ ಅದೇ.

ಈ ಭಾಗದವರಿಗೆ ಇದು ಹೊಸ ತಿಳಿವಳಿಕೆಯೇನಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹಣ ಎಲ್ಲಕ್ಕೂ ಬೇರೆ ಬೇರೆ ಮನೆಯಿರುವ ಚಂಚಿಯನ್ನು ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಂಡರೆ, ಗಂಡಸರು ಅಂಗಿಯ ಒಳಮೈಗೆ ಕಳ್ಳಕಿಸೆ ಹೊಲಿಸಿಕೊಳ್ಳುತ್ತಿದ್ದರು. ಗಾಣಗಾಪುರದಲ್ಲಿ ಮಧುಕರಿ ಬೇಡುವವರ ಜೋಳಿಗೆ ಇಂದಿಗೂ ಹೆಗಲಿಂದ ಅಡ್ಡವಾಗಿ ಇಳಿಯುತ್ತದೆ. ಚಂಚಿಯ ಮನೆಗಳು, ಕಳ್ಳಕಿಸೆಯ ಒಳಮೈ, ಜೋಳಿಗೆಯ ಅಡ್ಡಪಟ್ಟಿ ಈ ಮೂರನ್ನೂ ಕೂಡಿಸಿದರೆ ಪ್ರಯಾಣದ ಚೀಲದ ನಕ್ಷೆ ಸಿದ್ಧ.

ನಕ್ಷೆಯಲ್ಲಿ ಒಂದು ಕಿಸೆಯನ್ನು ಮಾತ್ರ ಹೊಸದಾಗಿ ಸೇರಿಸಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಿದೊಡನೆ ಕಂಡಕ್ಟರ್ “ಅಕ್ಕಾರ, ಆಧಾರ್ ತೋರಸ್ರಿ” ಎನ್ನುತ್ತಾರೆ. ಕಾರ್ಡು ಹಣದ ಜೊತೆಗೇ ಇದ್ದರೆ ಪ್ರತಿ ಬಸ್ಸಿನಲ್ಲೂ, ಹತ್ತು ಜನರ ಕಣ್ಣೆದುರಿಗೆ ಹಣದ ಕಿಸೆ ತೆರೆದು ಹುಡುಕಬೇಕಾಗುತ್ತದೆ. ನೋಟು ಎಲ್ಲಿದೆ ಎಂಬುದನ್ನು ಕಾದು ನಿಂತವನಿಗೆ ತೋರಿಸಿಕೊಟ್ಟಂತೆಯೇ ಆಯಿತು. ಆದ್ದರಿಂದ ಆಧಾರಿಗೆ ಪ್ರತ್ಯೇಕ ಕಿಸೆ ಬೇಕು, ಅದು ಚೀಲದ ಹೊರಗೆ, ಆದರೆ ಹೊಟ್ಟೆಗೆ ತಾಗುವ ಮೈಯಲ್ಲಿ ಇರಬೇಕು. ಪಿವಿಸಿ ಕಾರ್ಡಿನ ಅಳತೆ ಸುಮಾರು 8.6 × 5.4 ಸೆಂ.ಮೀ. 11 ಸೆಂ.ಮೀ. ಅಗಲ, 9 ಸೆಂ.ಮೀ. ಆಳದ ಕಿಸೆಯಾದರೆ ಎರಡು ಬೆರಳು ಸಲೀಸಾಗಿ ಆಡುತ್ತವೆ. ಅದರ ಬಾಯಿಗೆ ಗುಂಡಿಗಿಂತ ವೆಲ್‌ಕ್ರೊ ವಾಸಿ, ಬಸ್ಸಿನ ಗದ್ದಲದಲ್ಲಿ ಬಿಚ್ಚುವ ಸದ್ದು ಕೇಳದಿದ್ದರೂ ಎಳೆತ ಮೈಗೆ ತಿಳಿಯುತ್ತದೆ. ಟಂಟಂ ಬಾಡಿಗೆಗೆ, ಚಹಾಕ್ಕೆ, ಗಡಿ ದಾಟಿ ಅಕ್ಕಲಕೋಟೆಗೋ ಸೊಲ್ಲಾಪುರಕ್ಕೋ ಹೋಗುವವರ ಟಿಕೆಟಿಗೆ ಬೇಕಾದ ಚಿಲ್ಲರೆಯೂ ಇದೇ ಕಿಸೆಯಲ್ಲಿ ಇರಲಿ. ದೊಡ್ಡ ನೋಟಿನ ಕಿಸೆ ಮನೆಯಲ್ಲಿ ಮುಚ್ಚಿದ್ದು ಮುಕ್ಕಾಮಿನಲ್ಲಿ ತೆರೆದರೆ ಸಾಕು.

ಹೊರಬಟ್ಟೆಗೆ 10ರಿಂದ 12 ಔನ್ಸಿನ ಡೆನಿಮ್ ಅಥವಾ ಹತ್ತಿಯ ತಾಡಪತ್ರಿ ಬಟ್ಟೆ ಒಳ್ಳೆಯದು. ರೆಕ್ಸಿನ್ ಬೇಡ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ ಅದು ಮೈಗೆ ಅಂಟಿ ಬೆವರಿಳಿಸುತ್ತದೆ, ವರ್ಷ ಕಳೆಯುವುದರೊಳಗೆ ಸಿಪ್ಪೆ ಏಳುತ್ತದೆ. ಬ್ಲೇಡನ್ನೂ ಅದು ತಡೆಯುವುದಿಲ್ಲ. ಡೆನಿಮ್ ಕತ್ತರಿಸುವ ಮುನ್ನ ಒಮ್ಮೆ ಒಗೆದು ಒಣಗಿಸಬೇಕು, ಇಲ್ಲವಾದರೆ ಮೊದಲ ಮಳೆಗೆ ಚೀಲ ಕುಗ್ಗಿ ಜಿಪ್ ಸೊಟ್ಟಗಾಗುತ್ತದೆ, ಬಣ್ಣ ಸೀರೆಗೆ ಹತ್ತುತ್ತದೆ. ಅಸ್ತರಿಗೆ ತಿಳಿ ಬಣ್ಣದ ಪಾಪ್ಲಿನ್ ಆಗಬೇಕು. ಕಪ್ಪು ಅಸ್ತರಿನ ಚೀಲದಲ್ಲಿ ಸಂಜೆ ಬಸ್ಸಿನ ಮಂದ ಬೆಳಕಿಗೆ ಏನೂ ಕಾಣದೆ, ಹುಡುಕುವವರು ಒಳಗಿನದನ್ನೆಲ್ಲ ಹೊರಗೆ ತೆಗೆಯುತ್ತಾರೆ.

ಬ್ಲೇಡಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಬಿಗಿಯಾಗಿ ನಿಂತ ಬಟ್ಟೆಯನ್ನು ಬ್ಲೇಡ್ ಒಂದೇ ಎಳೆತಕ್ಕೆ ಸೀಳುತ್ತದೆ, ಸಡಿಲವಾದದ್ದು ಬ್ಲೇಡಿನ ಜೊತೆಗೇ ಸರಿದುಬಿಡುತ್ತದೆ. ತುಂಬಿ ಉಬ್ಬಿದ ಚೀಲ ಬೇಗ ಬ್ಲೇಡಿಗೆ ಸಿಗುವುದು ಇದರಿಂದಲೇ. ಹೊರಪದರವನ್ನು ಅಸ್ತರಿಗಿಂತ ಅರ್ಧ ಸೆಂ.ಮೀ. ದೊಡ್ಡದಾಗಿ ಕತ್ತರಿಸಿ ಸಡಿಲ ಬಿಟ್ಟರೆ ಮೊದಲ ಗೀರು ಒಳಗೆ ಇಳಿಯುವುದು ಕಷ್ಟ. ನಡುವಿನ ಪದರಕ್ಕೆ ಕೌದಿಯ ಉಪಾಯವಿದೆ. ಹಳೆಯ ಹತ್ತಿ ಸೀರೆಯ ಎರಡು ಮಡಿಕೆಯನ್ನು ಹೊರಬಟ್ಟೆಯ ಒಳಮೈಗೆ ಹಾಸಿ, ಸೆಂಟಿಮೀಟರಿಗೊಂದರಂತೆ ಸಾಲುಹೊಲಿಗೆ ಹಾಕುವುದು. ಒಂದು ಕಡೆ ಎಳೆ ಹರಿದರೂ ಪಕ್ಕದ ಸಾಲು ಸೀಳನ್ನು ಹಿಡಿದು ನಿಲ್ಲಿಸುತ್ತದೆ. ಸಾಲುಗಳು ಉದ್ದಕ್ಕೂ ಅಡ್ಡಕ್ಕೂ ಹಾಯ್ದರೆ ಇನ್ನೂ ಗಟ್ಟಿ. ಕೌದಿಹೊಲಿಗೆ ಬಟ್ಟೆಯನ್ನು ಜಗ್ಗಿ ಕುಗ್ಗಿಸುವುದರಿಂದ ತುಂಡನ್ನು ಎಲ್ಲ ಕಡೆ ಒಂದೂವರೆ ಸೆಂ.ಮೀ. ಹೆಚ್ಚು ಇಟ್ಟು, ಹೊಲಿದ ಮೇಲೆ ಅಳತೆಗೆ ಕತ್ತರಿಸಬೇಕು.

ಸ್ಟೀಲ್ ಜಾಲಿಯನ್ನೂ ಹಾಕಬಹುದು. ಕಿಟಕಿಗೆ ಹೊಡೆಯುವ ಸೊಳ್ಳೆಜಾಲಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದು ಸಿಗುತ್ತದೆ. ಅದು ಕೌದಿಗಿಂತ ಬಲವಾದ ತಡೆ, ಆದರೆ ಅದರ ಉಪದ್ರವವೂ ಹೆಚ್ಚು. ಜಾಲಿಯ ಮೇಲೆ ಹೊಲಿಗೆ ಹಾಯಿಸಿದರೆ ಸೂಜಿ ಮುರಿಯುತ್ತದೆ. ಕತ್ತರಿಸಿದ ಅಂಚಿನ ತಂತಿ ಅಸ್ತರನ್ನು ತೂತು ಮಾಡಿ ಬೆರಳಿಗೆ ಚುಚ್ಚುತ್ತದೆ, ಮಡಿಕೆ ಬಿದ್ದಲ್ಲಿ ಕ್ರಮೇಣ ತುಂಡಾಗುತ್ತದೆ. ಹಾಕಲೇಬೇಕೆಂದರೆ ಹೊಟ್ಟೆಯ ಕಡೆ ಬಿಟ್ಟು, ಹೊರಗಿನ ಮೈಗೆ ಮತ್ತು ತಳಕ್ಕೆ ಮಾತ್ರ ಬೇರೆ ಬೇರೆ ತುಂಡಾಗಿ ಹಾಕಬೇಕು. ಅಂಚಿಗೆಲ್ಲ ಬಟ್ಟೆಯ ಪಟ್ಟಿ ಮಡಚಿ ಕಟ್ಟಿ, ಹೊಲಿಗೆಯ ಗೆರೆಗಿಂತ ಒಂದು ಸೆಂ.ಮೀ. ಒಳಗೆ ನಿಲ್ಲುವಂತೆ ಎರಡು ಪದರಗಳ ನಡುವೆ ಇಳಿಸಿ, ಬಾಯಿಯನ್ನು ಕೈಹೊಲಿಗೆಯಿಂದ ಮುಚ್ಚುವುದು ಕ್ರಮ. ದಿನವಿಡೀ ಹೊರುವ ಚೀಲಕ್ಕೆ ಕೌದಿಯೇ ಮೇಲು. ಅದನ್ನು ಒಗೆಯಬಹುದು, ಮಡಚಬಹುದು, ತೂಕವೂ ಇಲ್ಲ.

ಚೀಲ ದೊಡ್ಡದಾದಷ್ಟೂ ತುಂಬುವ ಆಸೆ ಹೆಚ್ಚು, ಕಾಯುವುದು ಕಷ್ಟ. ಸಿದ್ಧವಾದ ಮೇಲೆ 22 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ, 4 ಸೆಂ.ಮೀ. ತಳ ಇದ್ದರೆ ಫೋನು, ಹಣ, ಮಾತ್ರೆ, ಕನ್ನಡಕ, ಮನೆಯ ಕೀಲಿ ಹಿಡಿಸುತ್ತವೆ. ನೀರಿನ ಬಾಟಲಿ, ಬುತ್ತಿಗೆ ಬೇರೆ ಚೀಲ ಇರಲಿ. ಹೊಲಿಗೆಗೆ 1.2 ಸೆಂ.ಮೀ. ಬಿಟ್ಟು ಲೆಕ್ಕ ಹಾಕಿದರೆ ಮುಂದಿನ ಹಿಂದಿನ ತುಂಡುಗಳು ತಲಾ ಸುಮಾರು 28.5 × 22.5 ಸೆಂ.ಮೀ. ಆಗುತ್ತವೆ. ಪಕ್ಕ ಮತ್ತು ತಳ ಹೊಲಿದ ಮೇಲೆ ಕೆಳಗಿನ ಎರಡೂ ಮೂಲೆಗಳನ್ನು ತ್ರಿಕೋನವಾಗಿ ಹಿಡಿದು 4 ಸೆಂ.ಮೀ. ಉದ್ದದ ಅಡ್ಡಹೊಲಿಗೆ ಹಾಕಿದರೆ ತಳ ಬಿಚ್ಚಿಕೊಂಡು ಕೂರುತ್ತದೆ.

ಒಳಗಿನ ಕಿಸೆಗಳನ್ನು ಚೀಲ ಜೋಡಿಸುವ ಮುನ್ನವೇ ಅಸ್ತರಿಗೆ ಹೊಲಿದುಕೊಳ್ಳಬೇಕು. ಎಲ್ಲವೂ ಹೊಟ್ಟೆಯ ಕಡೆಯ ಅಸ್ತರಿಗೇ ಇರಲಿ, ಯಾವುದೂ ತಳ ಮುಟ್ಟಬಾರದು, ಕನಿಷ್ಠ 4 ಸೆಂ.ಮೀ. ಮೇಲೆ ನಿಲ್ಲಬೇಕು. ಹೀಗಿದ್ದರೆ ಯಾರಾದರೂ ತಳ ಸೀಳಿದರೂ ಕರವಸ್ತ್ರವೋ ಕೀಲಿಯೋ ಬಿದ್ದೀತು, ಹಣದ ಕಿಸೆ ಮೇಲೆಯೇ ಉಳಿಯುತ್ತದೆ. ಚೀಲದ ನಕ್ಷೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಕಾಪಾಡುವ ಅಂಶ ಬೇರೊಂದಿಲ್ಲ. ಫೋನಿನ ಕಿಸೆ ಆಳವಾಗಿ, ಬಿಗಿಯಾಗಿರಲಿ. ಫೋನ್‌ಪೇ, ಗೂಗಲ್ ಪೇ ಬಂದ ಮೇಲೆ ಫೋನು ಹೋದರೆ ಹಣದ ಚಿಂತೆಯೂ ಅದರ ಹಿಂದೆಯೇ ಬರುತ್ತದೆ.

ಜಿಪ್ಪಿನಲ್ಲಿ ನೈಲಾನ್ ಸುರುಳಿಯದು ಹೊಲಿಯಲು ಹಗುರ. ಆದರೆ ಪೆನ್ನಿನ ಮೊನೆ ಚುಚ್ಚಿದರೆ ಅದರ ಹಲ್ಲುಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ರನ್ನರ್ ಎಳೆದರೆ ಏನೂ ಆಗದಂತೆ ಮತ್ತೆ ಕೂಡಿಕೊಳ್ಳುತ್ತವೆ. ಲೋಹದ ಹಲ್ಲಿನ 5 ನಂಬರ್ ಜಿಪ್ ಈ ಚೇಷ್ಟೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ರನ್ನರಿನ ತೂತಿಗೆ ಸಣ್ಣ ಕೊಕ್ಕೆ ಸಿಕ್ಕಿಸಿ, ಜಿಪ್ ಮುಗಿಯುವಲ್ಲಿ ಪಕ್ಕದ ಹೊಲಿಗೆಯೊಳಗೆ ಒಂದು ಡಿ-ರಿಂಗ್ ಕೂರಿಸಿದರೆ, ಮುಚ್ಚಿದ ಮೇಲೆ ಕೊಕ್ಕೆಯನ್ನು ರಿಂಗಿಗೆ ಹಾಕಬಹುದು. ಕೊಕ್ಕೆ ಬಿಚ್ಚಲು ಹೆಬ್ಬೆರಳು ಒತ್ತಬೇಕು, ಆ ಒತ್ತು ಹೊಟ್ಟೆಗೆ ತಾಗದೆ ಇರುವುದಿಲ್ಲ. ಜಿಪ್ ಮುಗಿಯುವ ತುದಿ ಧರಿಸಿದವರ ಬಲಗೈಗೆ ಬರಲಿ, ಎಡಗೈ ರೂಢಿಯವರಿಗೆ ಎಡಕ್ಕೆ. ಮೇಲೆ 3 ಸೆಂ.ಮೀ. ಅಗಲದ ಮುಚ್ಚಳಪಟ್ಟಿ ಹೊಲಿದರೆ ಧೂಳಿಗೂ ತಡೆ, ಕಣ್ಣಿಗೂ ಮರೆ.

ಹೆಗಲಪಟ್ಟಿಗೆ ಸ್ಕೂಲ್‌ಬ್ಯಾಗಿಗೆ ಹಾಕುವ 3 ಸೆಂ.ಮೀ. ಅಗಲದ ನೈಲಾನ್ ಬೆಲ್ಟ್ ಸಾಕು. ಕಲಬುರಗಿಯ ಸೂಪರ್ ಮಾರ್ಕೆಟ್‌ನಂಥ ಪೇಟೆಗೆ ಹೋದಾಗ ಜಿಪ್ಪು, ರಿಂಗುಗಳ ಜೊತೆಗೇ ಕೊಳ್ಳಬಹುದು. ಕತ್ತರಿಸಿದ ತುದಿಯನ್ನು ಕಡ್ಡಿಯ ಬೆಂಕಿಗೆ ಹಿಡಿದು ಕರಗಿಸಬೇಕು. ಚೀಲ ಹೊಕ್ಕುಳಿನ ಮಟ್ಟಕ್ಕೆ ನಿಲ್ಲುವಷ್ಟೇ ಉದ್ದ ಇರಲಿ, ತೊಡೆಗೆ ಇಳಿದರೆ ಅದು ಹಿಂದಕ್ಕೆ ಸರಿದು ಬೇರೆಯವರ ಕೈಗೆ ಹತ್ತಿರವಾಗುತ್ತದೆ. ಪಟ್ಟಿ ಸೆರಗಿನ ಅಥವಾ ದುಪಟ್ಟಾದ ಕೆಳಗೆ ಹಾಯ್ದರೆ ಕತ್ತರಿಸುವವನಿಗೆ ಮೊದಲು ಅದು ಕಾಣಬೇಕಲ್ಲ. ಪಟ್ಟಿಯ ಬುಡಕ್ಕೆ ಚೌಕಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಹೊಲಿಯಬೇಕು.

ಪಟ್ಟಿಯೊಳಗೆ ತಂತಿ ಸೇರಿಸಲು ಗಾಡಿಯ ಕ್ಲಚ್ ಕೇಬಲಿನ ಒಳತಂತಿ ಸುಲಭವಾಗಿ ಸಿಗುತ್ತದೆ. ಎರಡು ಪದರ ಬೆಲ್ಟಿನ ನಡುವೆ ಕೊಳವೆಯಂತೆ ಹೊಲಿದು ಅದನ್ನು ಹಾಯಿಸಿ, ಎರಡೂ ತುದಿಯನ್ನು ಲೋಹದ ರಿಂಗಿಗೇ ಸುತ್ತಿ, ಅಲ್ಯೂಮಿನಿಯಂ ತೋಳು ಹಾಕಿ ಅದುಮಬೇಕು. ರಿಂಗನ್ನು ಚೀಲಕ್ಕೆ ಹಿಡಿದಿರುವುದು ಬರೀ ಬಟ್ಟೆಯ ಕುಣಿಕೆಯಾದರೆ ತಂತಿಯ ಪಟ್ಟಿ ಇದ್ದೂ ಇಲ್ಲದಂತೆ, ಬ್ಲೇಡ್ ಆ ಕುಣಿಕೆಗೆ ಬೀಳುತ್ತದೆ. ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತುಂಡಾಗದ ಪಟ್ಟಿ ಗುಡಿಯ ಸಾಲಿನಲ್ಲಿ ರಕ್ಷಣೆ, ರಸ್ತೆಯ ಬದಿಯಲ್ಲಿ ಅಪಾಯ. ಬೈಕಿನ ಮೇಲೆ ಬಂದವನು ಚೀಲಕ್ಕೆ ಕೈ ಹಾಕಿದರೆ ಪಟ್ಟಿಯ ಜೊತೆ ಮನುಷ್ಯರೂ ಎಳೆದುಹೋಗುತ್ತಾರೆ, ಕುತ್ತಿಗೆಗೆ ಪೆಟ್ಟಾಗುತ್ತದೆ. ಹೆಚ್ಚಾಗಿ ರಸ್ತೆಯಲ್ಲಿ ನಡೆಯುವವರು, ವಯಸ್ಸಾದವರು, ಮಕ್ಕಳು ತಂತಿಯ ಪಟ್ಟಿ ಧರಿಸಲೇಬಾರದು. ಅವರಿಗೆ ಮಾಮೂಲಿ ಬೆಲ್ಟೇ ಸರಿ. ಯಾವ ಚೀಲವೂ ಜೀವಕ್ಕಿಂತ ಹೆಚ್ಚಲ್ಲ, ಜಗ್ಗಿದಾಗ ಬಿಟ್ಟುಬಿಡಬೇಕು.

ಮನೆಯ ಕಾಲುಮಷಿನ್ನಿನಲ್ಲಿ ಈ ಚೀಲ ಹೊಲಿಯಬಹುದು. ಡೆನಿಮಿಗೆ 16 ನಂಬರ್ ಸೂಜಿ, ನಾಲ್ಕೈದು ಪದರ ಕೂಡುವಲ್ಲಿ 18 ನಂಬರ್. ಹತ್ತಿ ದಾರ ಬೆವರಿಗೆ ಬೇಗ ಕೊಳೆಯುವುದರಿಂದ ಪಾಲಿಯೆಸ್ಟರ್ ದಾರ ಬೇಕು. ಹೊಲಿಗೆಯ ಉದ್ದ 3 ಮಿ.ಮೀ. ಇರಲಿ. ಪಟ್ಟಿಯ ಬುಡದಂಥ ದಪ್ಪ ಜಾಗದಲ್ಲಿ ಪೆಡಲ್ ತುಳಿಯದೆ ಕೈಯಿಂದ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದರೆ ಸೂಜಿ ಉಳಿಯುತ್ತದೆ. ತೀರಾ ದಪ್ಪವಾದರೆ ಆ ನಾಲ್ಕು ಹೊಲಿಗೆಯನ್ನು ಚಮ್ಮಾರರಿಂದಲೋ ಬ್ಯಾಗ್ ರಿಪೇರಿಯವರಿಂದಲೋ ಹಾಕಿಸಿಕೊಳ್ಳುವುದು ಜಾಣತನ.

ಕಾರ್ಡಿನ ಮಾಹಿತಿಯನ್ನು ದೂರದಿಂದಲೇ ಕದಿಯುತ್ತಾರೆಂದು ಒಳಕಿಸೆಗೆ ಅಲ್ಯೂಮಿನಿಯಂ ಹಾಳೆ ಹೊಲಿಯುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ತಾಗಿಸಿ ಪಾವತಿಸುವ ಕಾರ್ಡು ಓದಿಸಿಕೊಳ್ಳುವುದು ಕೆಲವೇ ಸೆಂಟಿಮೀಟರ್ ಹತ್ತಿರದಿಂದ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡಿನಲ್ಲಿ ಈ ಸೌಲಭ್ಯವನ್ನು ಗ್ರಾಹಕರೇ ಚಾಲೂ ಮಾಡಿಕೊಳ್ಳಬೇಕು, ಬೇಡವಾದರೆ ಬಂದ್ ಮಾಡಿಡಬಹುದು. ಹಾಳೆ ಮಡಿಕೆಯಲ್ಲಿ ಹರಿದು ಪುಡಿಯಾಗುತ್ತದೆ. ಆ ಶ್ರಮವನ್ನು ಇನ್ನೊಂದು ಸಾಲು ಕೌದಿಹೊಲಿಗೆಗೆ ಕೊಟ್ಟರೆ ಪ್ರಯೋಜನ ಹೆಚ್ಚು.

ಉಳಿದದ್ದು ಸಂಗಮದ ಸ್ನಾನ. ಚೀಲ ಮೈಯಿಂದ ಬೇರೆಯಾಗುವ ಹೊತ್ತು ಅದೊಂದೇ, ಬ್ಲೇಡಿಗೆ ಜಗ್ಗದ ಚೀಲವನ್ನೂ ಆಗ ಇಡಿಯಾಗಿ ಎತ್ತಿಕೊಂಡು ಹೋಗಬಹುದು. ಇದಕ್ಕಾಗಿ ಹಣದ ಕಿಸೆಯನ್ನು ಅಸ್ತರಿಗೆ ಹೊಲಿಯುವ ಬದಲು 14 × 10 ಸೆಂ.ಮೀ. ಅಳತೆಯ ಬಿಡಿ ಚಂಚಿಯಾಗಿ ಹೊಲಿದು, ಚೀಲದೊಳಗಿನ ಕುಣಿಕೆಗೆ ಗುಂಡಿಯಿಂದ ಸಿಕ್ಕಿಸಿಡುವುದು ಒಳ್ಳೆಯದು. ನೀರಿಗಿಳಿಯುವಾಗ ನೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚಂಚಿಯನ್ನು ಕೊರಳಿಗೋ ಸೊಂಟಕ್ಕೋ ಕಟ್ಟಿಕೊಳ್ಳಬಹುದು, ದಂಡೆಯಲ್ಲಿ ಉಳಿದವರ ಕೈಗೆ ಚೀಲ ಕೊಡಬಹುದು. ಒಬ್ಬರೇ ಹೋದವರಿಗೆ ಈ ಚಂಚಿಯಷ್ಟು ನಂಬಿಕೆಯದು ಬೇರಿಲ್ಲ. ಊರಿಗೆ ಮರಳಿದ ಮೇಲೆ ಚೀಲವನ್ನು ಒಳಹೊರಗು ಮಾಡಿ ತಣ್ಣೀರಿನಲ್ಲಿ ಒಗೆದು ನೆರಳಿಗೆ ಒಣಗಿಸಬೇಕು. ಒಣಗಿದ ಮೇಲೆ ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿ, ಪಟ್ಟಿಯ ಬುಡದ ಚೌಕಹೊಲಿಗೆಯಲ್ಲಿ ಎಳೆ ಸಡಿಲಾಗಿದೆಯೇ ಎಂದು ಉಗುರಿನಿಂದ ಕೆದಕಿ ನೋಡಿ, ಸಡಿಲಾಗಿದ್ದರೆ ಅದರ ಮೇಲೆಯೇ ಇನ್ನೊಂದು ಸುತ್ತು ಹಾಕಬೇಕು.