ಔಷಧಿ ಕ್ಯಾನ್ ತೊಳೆದ ನೀರು ಹಳ್ಳಕ್ಕೆ ಬೇಡ

ತೋಟಗಾರಿಕೆ ಓದಿ ಮುಗಿಸಿ ಹಗರೆಗೆ ವಾಪಸ್ ಬಂದ ಹೊಸತರಲ್ಲಿ ಒಂದು ಎಕರೆ ಶುಂಠಿ ಹಾಕಿದ್ದೆ. ಹುಳಕ್ಕೆ ಕ್ಲೋರ್‌ಪೈರಿಫಾಸ್ ಹೊಡೆದು, ಸಂಜೆ ಕ್ಯಾನನ್ನು ಹಳ್ಳದಲ್ಲೇ ಜಾಲಾಡಿದೆ. ಬೆಳಗ್ಗೆ ಮೀನುಮರಿಗಳು ಹೊಟ್ಟೆ ಮೇಲಾಗಿ ತೇಲ್ತಿದ್ವು. ಪಕ್ಕದ ಹೊಲದ ಅಜ್ಜ ಎಮ್ಮೆಗಳನ್ನು ನೀರಿಗೆ ಬಿಡದೆ ಹಿಡ್ಕೊಂಡು ನಿಂತಿದ್ರು. "ಓದ್ದೋನು ನೀನೇ ಹಿಂಗ್ ಮಾಡಿದ್ರೆ ಹೆಂಗಪ್ಪಾ?" ಅಂದ್ರು.

ನಮ್ಮ ಹಳ್ಳದ ನೀರು ಯಗಚಿಗೆ, ಯಗಚಿ ಗೊರೂರಿನ ಹತ್ತಿರ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಎಲ್ಲೂ ನಿಲ್ಲಲ್ಲ.

ನಾನೀಗ ಸಾವಯವ. ಆದರೆ ಶುಂಠಿಗೆ ಲಕ್ಷಗಟ್ಟಲೆ ಸುರಿದವರಿಗೆ ನಾಳೆಯಿಂದಲೇ ಔಷಧಿ ಬಿಡಿ ಅಂದ್ರೆ ಆಗೋ ಮಾತಲ್ಲ. ತೊಳೆದ ನೀರನ್ನಾದ್ರೂ ತಡೆಯಬಹುದು. ಬಾಟಲಿ ಖಾಲಿ ಆದ ಕೂಡಲೇ ಕಾಲು ಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಕುಲುಕಿ ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ನೀವು ದುಡ್ಡು ಕೊಟ್ಟ ಔಷಧಿ ಬೆಳೆಗೇ ಹೋಗುತ್ತೆ. ಆಮೇಲೆ ಬಾಟಲಿಗೆ ತೂತು ಹಾಕಿ, ಯಾರೂ ಎಣ್ಣೆ-ನೀರು ತುಂಬದ ಹಾಗೆ.

ಕ್ಯಾನ್, ಡ್ರಮ್ ತೊಳೆಯೋದಕ್ಕೆ ಸ್ವೀಡನ್ ರೈತರು 1993ರಿಂದ ಒಂದು ಗುಂಡಿ ಬಳಸ್ತಿದ್ದಾರೆ. ನಾನು ನಮ್ಮ ಸಾಮಾನಿನಲ್ಲೇ ಮಾಡಿದ್ದೇನೆ. ಬಾವಿ, ಬೋರ್‌ವೆಲ್, ಹಳ್ಳದಿಂದ ದೂರದ ಎತ್ತರದ ಜಾಗದಲ್ಲಿ ಎರಡು ಅಡಿ ಆಳ ತೋಡಿ, ತಳಕ್ಕೆ ಜೇಡಿಮಣ್ಣು ಬಡಿಯಿರಿ. ಎರಡು ಪಾಲು ಕತ್ತರಿಸಿದ ಹುಲ್ಲು, ಒಂದು ಪಾಲು ಹೊಲದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ ಬೆರೆಸಿ ತುಂಬಿ, ಮೇಲೆ ಗರಿಕೆ ನಾಟಿ. ಮಳೆ ನೀರು ತುಂಬದಂತೆ ಶೀಟಿನ ಚಪ್ಪರ ಬೇಕು. ಹುಲ್ಲನ್ನು ಕೊಳೆಸೋ ಶಿಲೀಂಧ್ರದ ಕಿಣ್ವಗಳೇ ಔಷಧಿಯ ಕಣವನ್ನೂ ಒಡೀತವೆ. ಗಟ್ಟಿ ಔಷಧಿ ಮಾತ್ರ ಸುರಿಯಬೇಡಿ, ಆ ಜೀವಿಗಳೇ ಸಾಯ್ತವೆ.

ಸಾವಯವದವರು ನಗಬೇಡಿ. ನಮ್ಮ ಬೋರ್ಡೋ ದ್ರಾವಣದ ಮೈಲುತುತ್ತವೂ ಮೀನಿಗೆ ವಿಷವೇ, ತಾಮ್ರ ಯಾವ ಗುಂಡಿಯಲ್ಲೂ ಕೊಳೆಯಲ್ಲ. ಆ ಕ್ಯಾನ್ ತೊಳೆದ ನೀರನ್ನು ಬೆಳೆ ಮೇಲೇ ಹೊಡೆದು ಮುಗಿಸಿ.

ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿಕೊಳ್ಳುತ್ತೆ, ಅಂದರೆ ಮಣ್ಣು ಕೊಚ್ಚಿದ್ರೆ ಅದೂ ಹೊರಡುತ್ತೆ. ಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ, ಹಳ್ಳದ ಬದಿ ಲಾವಂಚ ಅಥವಾ ನೇಪಿಯರ್ ಹಚ್ಚಿ. ಲಾವಂಚವೇ ನನಗೆ ಇಷ್ಟ: ಔಷಧಿ ಹಿಡಿದ ನೇಪಿಯರನ್ನು ಯಾರಾದ್ರೂ ದನಕ್ಕೆ ಕೊಯ್ದು ಹಾಕಿಬಿಡ್ತಾರೆ. ಇನ್ನು ಫೋರೇಟ್. 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ. ಹಳೇ ಚೀಲ ಉಳಿದಿದ್ರೆ ಹೊಲಕ್ಕೆ ಹಾಕಿ ಖಾಲಿ ಮಾಡಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಹುಲ್ಲು ಕೊಳೆತು ಗುಂಡಿ ಕುಸಿಯುತ್ತೆ, ವರ್ಷಕ್ಕೊಮ್ಮೆ ಮತ್ತೆ ತುಂಬಿ. ನನ್ನ ಗುಂಡಿಯಲ್ಲಿ ಈಗ ಕ್ಯಾನ್ ತೊಳೆಯೋನು ಆ ಅಜ್ಜನ ಮಗ.