ದಾರಿಯಲ್ಲಿ ದುಡಿಯುವವರ ದಿನಚರಿ



ಮಮದಾಪುರ, ಬಬಲೇಶ್ವರ, ತಿಕೋಟಾ ಭಾಗದ ಎಷ್ಟೋ ಮನೆಗಳಲ್ಲಿ ದುಡಿಯುವವರು ವಾರದ ಬಹುಪಾಲು ದಾರಿಯಲ್ಲೇ ಇರುತ್ತಾರೆ. ದ್ರಾಕ್ಷಿ, ಉಳ್ಳಾಗಡ್ಡಿ ಹೇರಿಕೊಂಡು ಹೋಗುವ ಲಾರಿ ಚಾಲಕರು, ರಾತ್ರಿ ಬಸ್ಸಿನ ಕಂಡಕ್ಟರರು, ಊರೂರು ಸುತ್ತುವ ವ್ಯಾಪಾರಿಗಳು. ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ. “ತಿರುಗಾಟದ ಕೆಲಸ, ಏನು ಮಾಡೂದ್ರೀ?” ಎಂಬುದು ಅವರ ಮಾತು. ಮಾಡಬಹುದಾದದ್ದು ಬಹಳವಿದೆ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಅದು ನಮ್ಮ ಸ್ವಭಾವದಂತೆಯೇ ಆಗುತ್ತದೆ ಎಂದು ತತ್ವಶಾಸ್ತ್ರ ಕಲಿಸುತ್ತದೆ. ಪ್ರಯಾಣದಲ್ಲಿ ಸ್ಥಳವೂ ಸಮಯವೂ ಬದಲಾಗುವುದರಿಂದ ಗಡಿಯಾರಕ್ಕೆ ಕಟ್ಟಿದ ಅಭ್ಯಾಸ ಬೇಗ ಮುರಿಯುತ್ತದೆ. ಆದ್ದರಿಂದ ಅದನ್ನು ಪ್ರತಿ ಪ್ರಯಾಣದಲ್ಲೂ ತಪ್ಪದೆ ನಡೆಯುವ ಕೆಲಸಕ್ಕೆ ಕಟ್ಟಬೇಕು: ಗಾಡಿ ನಿಂತರೆ ನಡಿಗೆ, ಹತ್ತುವ ಮುನ್ನ ನೀರು, ಇಳಿದೊಡನೆ ಮನೆಗೆ ಫೋನು.

1. ನಿದ್ದೆ: ಮಹಮ್ಮದ್ ಆದಿಲ್‌ಶಾಹನ ಕಾಲದ (1627–1656) ಮಮದಾಪುರದ ಕೆರೆ ಮಳೆಗಾಲದಲ್ಲಿ ತುಂಬಿದರೆ ತಾನೇ ಬೇಸಿಗೆಗೆ ನೀರು? ನಿದ್ದೆಯನ್ನೂ ಹೊರಡುವ ಮುನ್ನವೇ ತುಂಬಿಕೊಳ್ಳಬೇಕು. ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನ ಮದ್ಯ ಕುಡಿದವನಷ್ಟೇ ಕುಗ್ಗುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚಹಾ ತೂಕಡಿಕೆಯನ್ನು ಸ್ವಲ್ಪ ಹೊತ್ತು ಮುಂದೂಡುತ್ತದೆ ಅಷ್ಟೇ. ನಿದ್ದೆಯ ಸಾಲ ತೀರುವುದಿಲ್ಲ. ಕಣ್ಣು ಎಳೆಯತೊಡಗಿದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಮಲಗುವುದೇ ಮದ್ದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯ ವಿರಾಮ ಕೊಡಬೇಕೆಂದು ವಿಧಿಸಿತ್ತು. ವಿಶ್ರಾಂತಿ ಸೋಮಾರಿತನವಲ್ಲ.

2. ಊಟ: ನಮ್ಮ ಹಿರಿಯರ ಬುತ್ತಿಗಿಂತ ಒಳ್ಳೆಯ ಏರ್ಪಾಡು ಯಾವುದು? ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಹಲವು ದಿನ ಕೆಡುವುದಿಲ್ಲ. ಡಾಬಾದಲ್ಲಿ ಮೊಸರು, ಸೌತೆಕಾಯಿ ಕೊಂಡರೆ ಊಟ ಪೂರ್ಣ. ರಾತ್ರಿ ಹೊತ್ತು ಮೀರಿ ಹೊಟ್ಟೆ ಬಿರಿಯ ಉಣ್ಣುವುದು ಬೇಡ.

3. ನಡಿಗೆ: ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಗಾಡಿ ನಿಂತಾಗಲೆಲ್ಲ ಐದು ನಿಮಿಷ ನಡೆಯಿರಿ. ಬಸ್ಸಿನಲ್ಲಿದ್ದರೆ ಹಿಮ್ಮಡಿ ಎತ್ತಿ ಇಳಿಸಿರಿ.

4. ಔಷಧ: ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಎರಡು ದಿನಕ್ಕೆ ಹೆಚ್ಚಾಗಿಯೇ ಇರಲಿ. ನಮ್ಮ ಬೇಸಿಗೆಯಲ್ಲಿ ನಿಂತ ಗಾಡಿಯೊಳಗೆ ಇನ್ಸುಲಿನ್ ಬಿಟ್ಟರೆ ಕೆಡುತ್ತದೆ.

ಪ್ರವಾದಿ ಎಲೀಯ ಅಡವಿಯಲ್ಲಿ ದಣಿದು, ಸಾವೇ ಬರಲಿ ಎಂದು ಮಲಗಿದಾಗ ದೇವದೂತ ಉಪದೇಶಕ್ಕೆ ತೊಡಗಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೊಮ್ಮೆ ಉಣಿಸಿದ. ಅನಂತರವೇ ಮುಂದಿನ ದಾರಿ. ದುಃಖ ತಗ್ಗಲು ನಿದ್ದೆ, ಸ್ನಾನಗಳೂ ನೆರವಾಗುತ್ತವೆ ಎಂದು ಸಂತ ಥಾಮಸ್ ಅಕ್ವಿನಾಸರೂ ಬರೆದರು. ದೇಹದ ಆರೈಕೆ ಸ್ವಾರ್ಥವಲ್ಲ. ಚಾಲಕನ ಒಂದು ತೂಕಡಿಕೆಗೆ ಎಷ್ಟೋ ಮನೆಗಳ ದೀಪ ಆರಬಹುದು.

ಮನೆಯವರಿಗೂ ಇದರಲ್ಲಿ ಪಾಲಿದೆ. “ಎಷ್ಟೊತ್ತಿಗೆ ಬರ್ತೀರಿ?” ಎಂದು ಅವಸರಪಡಿಸುವ ಬದಲು “ಉಂಡ್ರ್ಯಾ? ಮಲಗಿದ್ರ್ಯಾ?” ಎಂದು ಕೇಳಿರಿ. ಬಂದ ದಿನವೇ ಹತ್ತು ಕೆಲಸ ಹೇರಬೇಡಿರಿ.

ಈ ವಾರ ಮನೆಮಂದಿ ಕೂಡಿ ಯೋಚಿಸಿರಿ:

* ಮುಂದಿನ ಪ್ರಯಾಣಕ್ಕೆ ಬುತ್ತಿ ಯಾರು ಕಟ್ಟುವರು?
* ಹೊರಡುವ ಹಿಂದಿನ ರಾತ್ರಿ ಅವರಿಗೆ ಏಳು ಗಂಟೆ ನಿದ್ದೆ ಸಿಗುವುದೇ?
* ತಡವಾದರೂ ಸರಿ, ಸುರಕ್ಷಿತವಾಗಿ ಬನ್ನಿ ಎಂದು ಅವರಿಗೆ ಹೇಳಿದ್ದೇವೆಯೇ?