ಮಾವಿನ ನೇರ ಮಾರಾಟ: ಕೊಂಡವರ ಅಭಿಪ್ರಾಯವೂ ಮಾರಾಟದ ಲೆಕ್ಕವೂ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರೇಷ್ಮೆಯ ಜೊತೆಗೆ ರೈತರ ಕೈ ಹಿಡಿದಿರುವ ಬೆಳೆ ಮಾವು. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ತೋತಾಪುರಿ ಇಲ್ಲಿನ ಮುಖ್ಯ ತಳಿಗಳು. ಈ ಸೀಮೆಯ ಹಣ್ಣು ಶ್ರೀನಿವಾಸಪುರದ ಹಣ್ಣಿಗಿಂತ ಮೊದಲೇ ಪೇಟೆಗೆ ಬರುವುದರಿಂದ ಋತುವಿನ ಆರಂಭದ ಒಳ್ಳೆಯ ಬೆಲೆ ಇಲ್ಲಿನ ಬೆಳೆಗಾರರಿಗೆ ದೊರೆಯುತ್ತದೆ. ಬೆಂಗಳೂರೂ ಹತ್ತಿರದಲ್ಲಿದೆ.

ಹಿಂದೆ ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಡುವುದು ಅಥವಾ ಮಂಡಿಗೆ ಸಾಗಿಸುವುದು, ಇವೆರಡೇ ದಾರಿಗಳಿದ್ದವು. ಈಗ ಮೂರನೆಯ ದಾರಿಯೊಂದು ತೆರೆದಿದೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಆನ್‌ಲೈನ್ ಮಾರಾಟಕ್ಕೆ ಏರ್ಪಾಡು ಮಾಡಿ, ರೈತರ ಹಣ್ಣನ್ನು ಅಂಚೆಯ ಮೂಲಕ ಬೆಂಗಳೂರಿನ ಮನೆಗಳಿಗೆ ತಲುಪಿಸಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಅನೇಕ ಬೆಳೆಗಾರರು ಮೊಬೈಲ್ ಮೂಲಕವೇ ಬೇಡಿಕೆ ಪಡೆದು ನಗರದ ಬಡಾವಣೆಗಳಿಗೆ ಹಣ್ಣು ಕಳುಹಿಸಿದರು. ಈ ದಾರಿಯಲ್ಲಿ ನಿಲ್ಲಬೇಕಾದರೆ ಬೆಳೆಗಾರನು ಹೊಸದೊಂದು ವಿದ್ಯೆಯನ್ನು ಕಲಿಯಬೇಕು. ಕೊಂಡವರು ಬರೆಯುವ ಅಭಿಪ್ರಾಯವನ್ನೂ ತನ್ನ ಮಾರಾಟದ ಲೆಕ್ಕವನ್ನೂ ಜೊತೆಗಿಟ್ಟು ಓದುವುದೇ ಆ ವಿದ್ಯೆ.

ಗೂಡಿನ ಮಾರುಕಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಬೆಲೆ ಹಾಕುತ್ತಾರೆ. ಗೂಡು ತೆಳುವಾಗಿದೆ, ಕಲೆಯಾಗಿದೆ ಎಂಬುದು ಬೆಳೆಗಾರನಿಗೆ ಅಲ್ಲೇ ತಿಳಿದುಹೋಗುತ್ತದೆ. ಮಾವಿನ ಪೆಟ್ಟಿಗೆಯ ಸಂಗತಿ ಹಾಗಲ್ಲ. ಕೊಂಡವರು ನಮ್ಮೆದುರು ಇರುವುದಿಲ್ಲ. ಹಣ ಮೊದಲೇ ಬಂದಿರುತ್ತದೆ. ಹಣ್ಣಿನ ಗುಣ ತಿಳಿಯುವುದು ಅದು ಮಾಗಿ ಕೊಯ್ದಾಗ, ಅಂದರೆ ಎಷ್ಟೋ ದಿನಗಳ ಮೇಲೆ. ಅಷ್ಟರಲ್ಲಿ ಅದೇ ಮರಗಳ ಕಾಯಿ ಇನ್ನೂ ನೂರು ಮನೆಗಳಿಗೆ ಹೋಗಿರಬಹುದು. ಆದುದರಿಂದ ದೂರು ಬಂದಾಗ ಅದು ಯಾವ ದಿನ, ಯಾವ ಮರಗಳಿಂದ ಕಿತ್ತ ಹಣ್ಣು ಎಂದು ಹೇಳಲು ಬರುವಂತಿರಬೇಕು.

ಪೆಟ್ಟಿಗೆಗೆ ಗುರುತು, ಮನೆಯಲ್ಲಿ ಪುಸ್ತಕ

ತೋಟವನ್ನು ತಳಿ, ಮಣ್ಣು, ಮರಗಳ ವಯಸ್ಸು ನೋಡಿ ಮೂರು ನಾಲ್ಕು ಭಾಗಗಳನ್ನಾಗಿ ಮಾಡಿ ಒಂದೊಂದಕ್ಕೂ ಸಂಖ್ಯೆ ಕೊಡಿ. ಪ್ರತಿ ಪೆಟ್ಟಿಗೆಯ ಮೇಲೂ ಭಾಗದ ಸಂಖ್ಯೆ ಮತ್ತು ಕೊಯ್ಲಿನ ತಾರೀಖನ್ನು ಬರೆಯಿರಿ. ಮನೆಯಲ್ಲಿ ಒಂದು ನೋಟ್‌ಪುಸ್ತಕದಲ್ಲಿ ಹೀಗೆ ಅಂಕಣಗಳನ್ನು ಎಳೆದುಕೊಳ್ಳಿ: ಕೊಯ್ಲಿನ ತಾರೀಖು, ಭಾಗ, ತಳಿ, ಪೆಟ್ಟಿಗೆಗಳ ಸಂಖ್ಯೆ, ಬೆಲೆ, ಹಿಂದಿರುಗಿಸಿದ ಹಣ, ಕೊಂಡವರ ಮಾತು, ಮತ್ತೆ ಕೇಳಿದವರ ಸಂಖ್ಯೆ. ಕೊನೆಯ ಅಂಕಣವನ್ನು ಎಂದಿಗೂ ಬಿಡಬಾರದು. ಮೊದಲ ಪೆಟ್ಟಿಗೆಯನ್ನು ನಂಬಿಕೆಯಿಂದ ಕೊಳ್ಳುತ್ತಾರೆ. ಎರಡನೆಯದನ್ನು ರುಚಿ ನೋಡಿ ಕೊಳ್ಳುತ್ತಾರೆ.

ದೂರಿನ ಹಿಂದಿನ ಕಾರಣಗಳು

ಎಷ್ಟು ನಕ್ಷತ್ರ ಕೊಟ್ಟರು ಎಂಬುದರಿಂದ ಹೆಚ್ಚೇನೂ ತಿಳಿಯದು. ಬರೆದ ಮಾತನ್ನು ಓದಬೇಕು. ಸಾಮಾನ್ಯವಾಗಿ ಬರುವ ದೂರುಗಳು ಇವು:

1. "ಹುಳಿಯಾಗಿತ್ತು, ಸುಕ್ಕುಗಟ್ಟಿತು, ಹಣ್ಣಾಗಲೇ ಇಲ್ಲ." ಎಳೆಯ ಕಾಯಿ ಕಿತ್ತಿದ್ದರ ಗುರುತು ಇದು. ಬಲಿತ ಕಾಯಿಯ ಭುಜಗಳು ತೊಟ್ಟಿಗಿಂತ ಮೇಲೆ ಉಬ್ಬಿರುತ್ತವೆ. ಕೆಲವು ಕಾಯಿಗಳನ್ನು ನೀರಿಗೆ ಹಾಕಿ ನೋಡಿ: ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ.

2. "ಹೊರಗೆ ಚೆನ್ನಾಗಿತ್ತು, ಒಳಗೆ ಬಿಳಿಚಿಕೊಂಡು ಬೆಂಡಿನಂತಿತ್ತು." ಬಾದಾಮಿಯಲ್ಲಿ ಕಾಣುವ ಈ ದೋಷ ರೋಗವೂ ಅಲ್ಲ, ಕೀಟವೂ ಅಲ್ಲ. ಕಾದ ನೆಲದ ಝಳ, ಕಾಯಿಯನ್ನು ಪೂರ್ತಿ ಬಲಿಯುವವರೆಗೆ ಮರದಲ್ಲೇ ಬಿಡುವುದು ಇದನ್ನು ಹೆಚ್ಚಿಸುತ್ತವೆ. ಮರದ ಬುಡಕ್ಕೆ ಒಣಹುಲ್ಲು, ತರಗು ಹೊದಿಸಬೇಕು. ಕಾಯಿ ಮುಕ್ಕಾಲು ಪಾಲು ಬಲಿತಾಗ ಕೀಳಬೇಕು.

3. "ಒಳಗೆ ಹುಳು ಇತ್ತು." ಇದು ಹಣ್ಣಿನ ನೊಣದ ಕೆಲಸ. ಕೊಯ್ಲಿಗೆ ಸುಮಾರು ಎರಡು ತಿಂಗಳು ಮೊದಲೇ ಮಿಥೈಲ್ ಯುಜಿನಾಲ್ ಬಲೆಗಳನ್ನು ಕಟ್ಟಬೇಕು. ಉದುರಿದ ಹಣ್ಣನ್ನು ಆಗಿಂದಾಗ್ಗೆ ಆರಿಸಿ ಆಳವಾಗಿ ಹೂಳಬೇಕು. ಕಿತ್ತ ದಿನವೇ ಕಾಯಿಗಳನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆಗಳು ಸಾಯುತ್ತವೆ. ಶಾಖವನ್ನು ಥರ್ಮಾಮೀಟರಿನಿಂದಲೇ ಅಳೆಯಬೇಕು.

4. "ಕಪ್ಪು ಚುಕ್ಕೆ, ತೊಟ್ಟಿನ ಬಳಿ ಕೊಳೆತಿತ್ತು." ಚಿಬ್ಬು ರೋಗ ಹಾಗೂ ತೊಟ್ಟು ಕೊಳೆಯ ಲಕ್ಷಣಗಳಿವು. ಕೊಯ್ಲು ಮುಗಿದ ಮೇಲೆ ಒಣರೆಂಬೆಗಳನ್ನು ಕತ್ತರಿಸಿ ಸುಡಬೇಕು. ಕಾಯಿಯನ್ನು ಸುಮಾರು ಒಂದು ಸೆಂಟಿಮೀಟರ್ ತೊಟ್ಟಿನೊಡನೆ ಕಿತ್ತು, ಸೊನೆ ಸಿಪ್ಪೆಗೆ ತಾಗದಂತೆ ಸುರಿಸಬೇಕು.

5. "ಜಜ್ಜಿ ಬಂದಿತ್ತು, ತಡವಾಗಿ ಬಂದಿತ್ತು." ಇಲ್ಲಿ ತೋಟದ ತಪ್ಪಿಲ್ಲ. ಪೆಟ್ಟಿಗೆ ಮತ್ತು ಸಾಗಣೆಯನ್ನು ಸರಿಪಡಿಸಬೇಕು. ರಸಪುರಿಯಂತಹ ಮೆತ್ತನೆಯ ಹಣ್ಣನ್ನು ದೂರಕ್ಕೆ ಕಳುಹಿಸದಿರುವುದು ಮೇಲು.

ಮೊದಲ ಎರಡು ದೂರುಗಳನ್ನು ಒಟ್ಟಿಗೆ ನೋಡಿ. ಬೇಗ ಕಿತ್ತರೆ ಹುಳಿ, ತಡವಾದರೆ ಬೆಂಡು. ಬಾದಾಮಿಯ ಸರಿಯಾದ ಕೊಯ್ಲಿನ ಕಾಲ ಇವೆರಡರ ನಡುವಿನ ಕೆಲವೇ ದಿನಗಳು. ಅದು ತೋಟದಿಂದ ತೋಟಕ್ಕೆ, ಮಳೆ ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ. ನಿಮ್ಮ ತೋಟದ ಮಟ್ಟಿಗೆ ಅದನ್ನು ಹೇಳಬಲ್ಲದ್ದು ತಾರೀಖು ಬರೆದ ನಿಮ್ಮ ಪುಸ್ತಕವೇ.

ಮೊದಲ ಬೆಲೆಯ ಆಸೆ

ಲೆಕ್ಕದ ರೀತಿಯನ್ನು ತಿಳಿಸಲು ಒಂದು ಕಲ್ಪಿತ ಉದಾಹರಣೆ ಕೊಡಬಹುದು. ಒಬ್ಬ ರೈತ ಒಂದೇ ಭಾಗದಿಂದ ಬಾದಾಮಿಯನ್ನು ಎರಡು ಸಲ ಕಿತ್ತು, ಪ್ರತಿ ಸಲವೂ 3 ಕಿಲೋ ತೂಕದ 100 ಪೆಟ್ಟಿಗೆ ಮಾರಿದನೆನ್ನಿ. ಏಪ್ರಿಲ್ ಮೊದಲ ವಾರ ಬೆಲೆ 450 ರೂಪಾಯಿ, ಬಂದದ್ದು 45,000. ಕಾಯಿ ಎಳೆಯದಾದ್ದರಿಂದ 20 ಪೆಟ್ಟಿಗೆಗಳ ಹಣ, ಅಂದರೆ 9,000 ರೂಪಾಯಿ, ಹಿಂದಿರುಗಿಸಬೇಕಾಯಿತು. ಉಳಿದದ್ದು 36,000. ಎರಡು ವಾರ ಕಳೆದು ಬೆಲೆ 380ಕ್ಕೆ ಇಳಿದಾಗ ಬಂದದ್ದು 38,000. ಹಿಂದಿರುಗಿಸಿದ್ದು 3 ಪೆಟ್ಟಿಗೆಗಳ 1,140 ರೂಪಾಯಿ. ಉಳಿದದ್ದು 36,860. ಬೆಲೆ 70 ರೂಪಾಯಿ ಕಡಿಮೆಯಾದರೂ ಕೈಗೆ ಬಂದ ಹಣ ಹೆಚ್ಚು. ಮತ್ತೆ ಕೇಳಿದವರು ಮೊದಲ ಸಲ 8 ಜನ, ಎರಡನೆಯ ಸಲ 35 ಜನ. ಮಲ್ಲಿಕಾ ಹಣ್ಣಾಗುವ ಹೊತ್ತಿಗೆ ಕೊಳ್ಳುವವರು ಈ 35 ಮನೆಯವರೇ. ಅತಿ ಆಸೆ ಗತಿ ಗೇಡು ಎಂಬ ಗಾದೆ ಇಂತಹ ಸಂದರ್ಭಕ್ಕೆ ಸರಿಯಾಗಿ ಒಪ್ಪುತ್ತದೆ.

ಎಳೆಯ ಕಾಯಿಯನ್ನು ಕಾರ್ಬೈಡ್ ಇಟ್ಟು ಬಣ್ಣ ಬರಿಸುವುದು ಇದಕ್ಕೆ ಪರಿಹಾರವಲ್ಲ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ. ಬಲಿತ ಕಾಯಿಯನ್ನು ಹುಲ್ಲಿನಲ್ಲಿಟ್ಟು ಮಾಗಿಸಬಹುದು ಇಲ್ಲವೆ ನಿಯಮದ ಮಿತಿಯಲ್ಲಿ ಎಥಿಲೀನ್ ಅನಿಲವನ್ನು ಬಳಸಬಹುದು.

ಗಮನಿಸಬೇಕಾದ ಅಂಶಗಳು

• ಒಂದು ದೂರಿನಿಂದ ಇಡೀ ತೋಟದ ಕ್ರಮವನ್ನು ಬದಲಿಸಬೇಡಿ. ಒಂದೇ ಭಾಗದಿಂದ, ಒಂದೇ ತಾರೀಖಿನ ಹಣ್ಣಿಗೆ ಒಂದೇ ಮಾತು ಮೂರು ನಾಲ್ಕು ಕಡೆಯಿಂದ ಬಂದರೆ ಮಾತ್ರ ಕೊಯ್ಲು ನಿಲ್ಲಿಸಿ ಕಾಯಿಯನ್ನು ಕೊಯ್ದು ನೋಡಿ.

• ಬಹುಪಾಲು ಜನ ಏನನ್ನೂ ಬರೆಯುವುದಿಲ್ಲ. ಮತ್ತೆ ಕೇಳದ ಹತ್ತು ಮನೆಯವರಿಗೆ ನೀವೇ ಫೋನ್ ಮಾಡಿ ಹಣ್ಣು ಹೇಗಿತ್ತೆಂದು ವಿಚಾರಿಸಿ. ಮೌನವಾಗಿ ಬಿಟ್ಟುಹೋದವರ ಕಾರಣವೇ ಹೆಚ್ಚು ಬೆಲೆಬಾಳುವಂಥದ್ದು.

• "ದುಬಾರಿ" ಎಂದು ಬರೆದ ಮಾತ್ರಕ್ಕೆ ಬೆಲೆ ಇಳಿಸಬೇಡಿ. ಮತ್ತೆ ಕೇಳುವವರ ಸಂಖ್ಯೆ ತಗ್ಗದಿದ್ದರೆ ಆ ಬೆಲೆ ನ್ಯಾಯವಾದದ್ದೇ.

• ದೂರಿಗೆ ಕೋಪದಿಂದ ಉತ್ತರಿಸಬಾರದು. ಹಣ್ಣಿನ ಚಿತ್ರ ಮತ್ತು ಪೆಟ್ಟಿಗೆಯ ಗುರುತನ್ನು ಕೇಳಿ ಪಡೆದು, ನಷ್ಟವನ್ನು ತುಂಬಿಕೊಡಿ.

• ನೆಂಟರಿಷ್ಟರಿಂದ ಹೊಗಳಿ ಬರೆಸಬೇಡಿ. ಆನ್‌ಲೈನ್ ಅಭಿಪ್ರಾಯಗಳು ಪ್ರಾಮಾಣಿಕವಾಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿದೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಹೊಗಳಿಕೆ ನಿಮ್ಮ ಪುಸ್ತಕವನ್ನೇ ಕೆಡಿಸುತ್ತದೆ.

ಋತು ಮುಗಿದ ಮೇಲೆ

ಜುಲೈನಲ್ಲಿ ಒಂದು ದಿನ ಮನೆಯವರೆಲ್ಲರೂ ಕುಳಿತು ಪುಸ್ತಕವನ್ನು ಓದಿರಿ. ಯಾವ ಭಾಗದಿಂದ ಹುಳುವಿನ ದೂರು ಹೆಚ್ಚು, ಯಾವ ತಾರೀಖಿನ ನಂತರ ಬೆಂಡು ಕಾಣಿಸಿತು, ಯಾವ ತಳಿಗೆ ಮತ್ತೆ ಬೇಡಿಕೆ ಬಂದಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ವರ್ಷ ಬಲೆಗಳನ್ನು ಎಲ್ಲಿ ಕಟ್ಟಬೇಕು, ಕೊಯ್ಲನ್ನು ಎಂದು ಆರಂಭಿಸಬೇಕು, ಎಷ್ಟನ್ನು ಪೆಟ್ಟಿಗೆಯಲ್ಲಿ ಮತ್ತು ಎಷ್ಟನ್ನು ಮಂಡಿಯಲ್ಲಿ ಮಾರಬೇಕು, ಹಳೆಯ ಮರಗಳಿಗೆ ಯಾವ ತಳಿಯ ಕಸಿ ಮಾಡಬೇಕು ಎಂಬುದಕ್ಕೆ ಆ ಹಾಳೆಯೇ ಆಧಾರ. ಆ ಹಾಳೆಯನ್ನು ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಯ್ದು ತೋರಿಸಿದರೆ ತಜ್ಞರೂ ನಿಖರವಾದ ಸಲಹೆ ಕೊಡಬಲ್ಲರು.

ವಿಸ್ತರಣಾ ಕಾರ್ಯಕರ್ತರು ಪ್ರತಿ ಹಳ್ಳಿಯಲ್ಲೂ ಐದಾರು ಬೆಳೆಗಾರರಿಂದ ಈ ಪುಸ್ತಕವನ್ನು ಆರಂಭಿಸಬಹುದು. ಖರ್ಚು ಒಂದು ನೋಟ್‌ಪುಸ್ತಕ ಮತ್ತು ದಿನಕ್ಕೆ ಹತ್ತು ನಿಮಿಷ. ಹಣ್ಣು ತಿಂದವರ ಮಾತನ್ನು ಅದು ಬೆಳೆದ ಮರದ ಬುಡಕ್ಕೆ ತಲುಪಿಸಬಲ್ಲ ರೈತನಿಗೆ ನೇರ ಮಾರಾಟದ ಲಾಭ ವರ್ಷ ವರ್ಷವೂ ನಿಲ್ಲುತ್ತದೆ.